ನಮ್ಮ ಮನೆಮಂದಿ ಗುಂಪಿನಲ್ಲಿ ಕಾಣದ ಶಿಲ್ಪ

ರಾಜು ಮಾವ: (ಫಾರ್ವರ್ಡ್) ಇಟಲಿಯ ಕಲಾವಿದ ಸಾಲ್ವತೋರೆ ಗರಾವ್ ಅವರ ‘ಅದೃಶ್ಯ ಶಿಲ್ಪ’ 2021ರಲ್ಲಿ 15,000 ಯೂರೋಗೆ ಹರಾಜು! ಕೊಂಡವರ ಕೈಗೆ ಸಿಕ್ಕಿದ್ದು ಪ್ರಮಾಣಪತ್ರ ಮಾತ್ರ!!

ರಾಜು ಮಾವ: ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 13 ಲಕ್ಷ ರೂಪಾಯಿ. ನಾನು ಬ್ಯಾಂಕಲ್ಲಿದ್ದಾಗ ಯಾರಾದ್ರೂ ಅಡಮಾನಕ್ಕೆ ಗಾಳಿ ಇಡ್ತೀನಿ ಅಂದಿದ್ರೆ ವಾಚ್‌ಮನ್ ಕರೀತಿದ್ದೆ.

ದೊಡ್ಡಮ್ಮ: ಹಳೇ ಸುದ್ದಿ ಕಣೋ ರಾಜು. ಹೋದ ಸಲಾನೂ ನೀನೇ ಹಾಕಿದ್ದೆ.

ಕಿರಣ: ದುಡ್ಡು ಹೆಚ್ಚಾದವರ ಹೊಸ ಹುಚ್ಚು ಮಾವ ಇದು.

ಅನು: ಹೊಸದಲ್ಲ ಕಿರಣಣ್ಣ, ಗರಾವ್ ಹತ್ತಿದ್ದು ಕೊನೇ ಬಸ್ಸು. 1958ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಈವ್ ಕ್ಲೈನ್ ಅನ್ನೋ ಫ್ರೆಂಚ್ ಕಲಾವಿದ ಒಂದು ಗ್ಯಾಲರಿ ಖಾಲಿ ಮಾಡಿಸಿ, ಗೋಡೆಗೆಲ್ಲ ಬಿಳಿ ಬಣ್ಣ ಬಳಿದು, ಇದೇ ಪ್ರದರ್ಶನ ಅಂದ. ಬಾಗಿಲಿಗೆ ನೀಲಿ ಪರದೆ, ಪಕ್ಕದಲ್ಲಿ ಸಮವಸ್ತ್ರದ ಕಾವಲುಗಾರರು. ಸಾವಿರಾರು ಜನ ಸಾಲು ನಿಂತ್ರು. ಬಂದವರಿಗೆ ನೀಲಿ ಪಾನೀಯ ಕೊಟ್ಟಿದ್ದ. ಮಾರನೇ ದಿನ ಅವರಿಗೆಲ್ಲ ಮೂತ್ರವೂ ನೀಲಿ ಬಂತಂತೆ 😄

ದೊಡ್ಡಮ್ಮ: ಥೂ. ಊಟದ ಹೊತ್ತಿಗೆ.

ರಾಜು ಮಾವ: ಅದಕ್ಕೆ ಕಲೆ ಅಂತ ಹೆಸರಿಟ್ಟೋರು ಯಾರಮ್ಮ?

ಅನು: ಬೀಜ ಇನ್ನೂ ಹಿಂದಿನದು ಮಾವ. 1917ರಲ್ಲಿ ನ್ಯೂಯಾರ್ಕಲ್ಲಿ ಮಾರ್ಸೆಲ್ ದ್ಯೂಶಾಂ ಅನ್ನೋ ಕಲಾವಿದ ಅಂಗಡಿಯ ಮೂತ್ರದ ತೊಟ್ಟಿಗೆ ಆರ್. ಮಟ್ ಅಂತ ಸಹಿ ಹಾಕಿ ಪ್ರದರ್ಶನಕ್ಕೆ ಕಳಿಸಿದ.

ದೊಡ್ಡಮ್ಮ: ಮತ್ತೆ ಅದೇ ವಿಷಯ!

ಅನು: ಏನ್ ಮಾಡ್ಲಿ ದೊಡ್ಡಮ್ಮ, ಇತಿಹಾಸ ಹಾಗಿದೆ. ಮುಂದೆ 1961ರಲ್ಲಿ ಹೆನ್ರಿ ಫ್ಲಿಂಟ್ ‘ಕಾನ್ಸೆಪ್ಟ್ ಆರ್ಟ್’ ಅಂತ ಬರೆದ. 1967ರಲ್ಲಿ ಸಾಲ್ ಲೆವಿಟ್ ಅನ್ನೋ ಕಲಾವಿದ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ, ಇಂಥ ಕಲೆಯಲ್ಲಿ ಯೋಚನೆಯೇ ಮುಖ್ಯ, ಕೈಕೆಲಸ ಯಾರು ಮಾಡಿದರೂ ಆಯ್ತು ಅನ್ನೋ ಅರ್ಥದಲ್ಲಿ ಬರೆದ.

ಕಿರಣ: ಲೆವಿಟ್‌ನ ಒಪ್ತೀನಿ. ಅವನು ಸೂಚನೆ ಬರೀತಾನೆ, ಬೇರೆಯವರು ಗೋಡೆ ಮೇಲೆ ಗೆರೆ ಎಳೀತಾರೆ, ಕೊನೆಗೆ ಕಣ್ಣಿಗೆ ಏನಾದರೂ ಕಾಣುತ್ತೆ. ನೀನು ಅವತ್ತು ಮದುವೆ ಮನೇಲಿ ಹೇಳಿದ್ಯಲ್ಲ, ಮರುಭೂಮೀಲಿ ಗ್ಯಾಸ್ ಬಿಟ್ಟವನು? ಅವನು ಮೋಸಗಾರ.

ಅನು: ರಾಬರ್ಟ್ ಬ್ಯಾರಿ. 1969ರಲ್ಲಿ ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಹೀಲಿಯಂ ಬಿಟ್ಟ. ಬಣ್ಣ ಇಲ್ಲ, ವಾಸನೆ ಇಲ್ಲ, ಹರಡ್ತಾನೇ ಹೋಗುತ್ತೆ. ಫೋಟೋದಲ್ಲಿ ಬರೀ ಮರುಭೂಮಿ. ಮೋಸ ಎಲ್ಲಿದೆ ಹೇಳು. ಗ್ಯಾಸ್ ನಿಜವಾಗಿ ಇದೆ, ನಿನ್ನ ಕಣ್ಣಿಗೆ ಬೀಳಲ್ಲ ಅಷ್ಟೇ.

ಕಿರಣ: ಕಣ್ಣಿಗೆ ಬೀಳದ್ದನ್ನ ಚಿತ್ರಕಲೆಯವರು ಯಾಕೆ ಮಾಡಬೇಕು? ವಿಜ್ಞಾನದವರಿಗೆ ಬಿಡ್ಲಿ.

ಶೈಲಾ ಅತ್ತೆ: ಯಾಕ್ರೋ ಜಗಳ. ಚಿದಂಬರದಲ್ಲಿ ಪರದೆ ಸರಿಸಿದ್ರೆ ಏನಿರುತ್ತೆ? ಖಾಲಿ ಜಾಗ, ಚಿನ್ನದ ಬಿಲ್ವದ ಹಾರ. ನಾವು ಕೈ ಮುಗಿದು ಬರಲ್ವಾ?

ಅನು: ಅತ್ತೆ, ಬೆರೆಸಬೇಡಿ. ಅಲ್ಲಿ ನಂಬಿಕೆ. ಇಲ್ಲಿರೋದು ಕರಾರು. ಚಿನ್ನದ ಮಾತು ಮಾತ್ರ ಸರಿಯಾಗಿ ಎತ್ತಿದ್ರಿ. ಕ್ಲೈನ್ 1959ರಿಂದ ‘ಅಮೂರ್ತ ವಲಯ’ಗಳನ್ನ ಮಾರೋಕೆ ಶುರು ಮಾಡಿದ. ಅಂದ್ರೆ ಖಾಲಿ ಜಾಗ. ಬೆಲೆ ಅಪ್ಪಟ ಚಿನ್ನದಲ್ಲೇ ಕೊಡಬೇಕು. ಕೊಂಡವರಿಗೆ ಚೆಕ್ ಥರದ ಒಂದು ರಸೀದಿ.

ರಾಜು ಮಾವ: ಎಷ್ಟು ಗ್ರಾಂ?

ಅನು: ಮೊದಲ ಸರಣಿಗೆ 20. ಆಮೇಲೆ 1962ರ ಫೆಬ್ರವರಿಯಲ್ಲಿ ಮೈಕೆಲ್ ಬ್ಲ್ಯಾಂಕ್‌ಫೋರ್ಟ್ ಅನ್ನೋ ಹಾಲಿವುಡ್ ಲೇಖಕ 160 ಗ್ರಾಂ ಕೊಟ್ಟ. ನಿಯಮ ಕೇಳಿ. ರಸೀದಿ ಇಟ್ಟುಕೊಂಡರೆ ನೀವು ಹೆಸರಿಗೆ ಮಾಲೀಕರು, ಕೃತಿಯ ನಿಜವಾದ ಮೌಲ್ಯ ನಿಮ್ಮದಾಗಲ್ಲ. ಅದು ಬೇಕು ಅಂದ್ರೆ ಸಾಕ್ಷಿಗಳ ಎದುರು ರಸೀದಿ ಸುಡಬೇಕು. ನೀವು ಸುಟ್ಟರೆ ಕ್ಲೈನ್ ಅರ್ಧ ಚಿನ್ನವನ್ನ ನೀರಿಗೆ ಹಾಕಬೇಕು. ಬ್ಲ್ಯಾಂಕ್‌ಫೋರ್ಟ್ ಸುಟ್ಟ, ಕ್ಲೈನ್ ಸೇನ್ ನದಿಗೆ ಎಸೆದ. ಫೋಟೋಗಳಿವೆ.

ದೊಡ್ಡಮ್ಮ: ಅಯ್ಯೋ ಶಿವನೇ, 80 ಗ್ರಾಂ!

ಕಿರಣ: ಉಳಿದರ್ಧ ಅವನ ಜೇಬಿಗೆ ತಾನೇ?

ಅನು: ಹೌದು. ಅವನೇನು ಸನ್ಯಾಸಿ ಅಂತ ನಾನು ಹೇಳ್ಲಿಲ್ಲ. ಆದ್ರೆ ಇಬ್ಬರೂ ಕಳಕೊಂಡ್ರು ನೋಡು, ಅದು ನಂಗಿಷ್ಟ. ಕೆಲವರು ರಸೀದಿ ಸುಡದೆ ಇಟ್ಕೊಂಡ್ರು. ಅಂಥದೊಂದು 2022ರಲ್ಲಿ ಪ್ಯಾರಿಸ್‌ನಲ್ಲಿ ಸೋದಬೀಸ್ ಹರಾಜಲ್ಲಿ ಹತ್ತು ಲಕ್ಷ ಯೂರೋ ದಾಟಿತು.

ರಾಜು ಮಾವ: ಒಂದು ನಿಮಿಷ ತಡಿ.

ರಾಜು ಮಾವ: ರಸೀದಿ ಇದ್ದಷ್ಟು ದಿನ ಮಾಲು ಕೈಗೆ ಬಂದಿಲ್ಲ ಅಂತ ಅವನ ನಿಯಮವೇ ಹೇಳುತ್ತೆ. ಹಾಗಾದ್ರೆ ಹರಾಜಲ್ಲಿ ಕೊಂಡವರಿಗೆ ಸಿಕ್ಕಿದ್ದೇನು? ಮಾಲು ಬಂದಿಲ್ಲ ಅನ್ನೋದಕ್ಕೆ ದಾಖಲೆ!

ಅನು: ಮಾವ!! ನಾನು ಹೇಳ್ಬೇಕು ಅಂತಿದ್ದಿದ್ದೇ ಅದು.

ಕಿರಣ: ಅಂದ್ರೆ ನಾನು ಹೇಳಿದ್ದೂ ಅದೇ. ಕೊನೆಗೆ ಮಾರಾಟ ಆಗಿದ್ದು ಕಾಗದ.

ಅನು: ನೀನು ಹೇಳಿದ್ದು ಹುಚ್ಚು ಅಂತ. ಕಾಗದಕ್ಕೆ ಬೆಲೆ ಬರುತ್ತೆ ಅಂತ ಗೊತ್ತಿದ್ದೇ ಕ್ಲೈನ್ ಸುಡೋ ಷರತ್ತು ಹಾಕಿದ ಅಂತ ನನ್ನ ಲೆಕ್ಕ. 1962ರ ಜೂನ್‌ನಲ್ಲಿ, 34ನೇ ವಯಸ್ಸಿಗೇ ತೀರಿಕೊಂಡ. ಸುಡದೇ ಉಳಿದಿದ್ದು ಪೇಟೆಗೆ ಬಂತು.

ರಾಜು ಮಾವ: ಈ ಗರಾವ್ ಏನಾದ್ರೂ ಷರತ್ತು ಹಾಕಿದಾನಾ?

ಅನು: ಮನೇಲಿ ಐದಡಿಗೆ ಐದಡಿ ಜಾಗ ಅಡ್ಡಿ ಇಲ್ಲದೆ ಖಾಲಿ ಬಿಡಬೇಕಂತೆ.

ರಾಜು ಮಾವ: 25 ಚದರಡಿ. ನಮ್ಮ ಏರಿಯಾದಲ್ಲಿ ಅಷ್ಟು ಜಾಗ ಖಾಲಿ ಬಿಡೋಕೇ ಲಕ್ಷಗಟ್ಟಲೆ ಬೇಕು. ಕೊಂಡವನು ಎರಡೆರಡು ಸಲ ದುಡ್ಡು ಕೊಟ್ಟ ಹಾಗಾಯ್ತು.

ಶೈಲಾ ಅತ್ತೆ: ಖಾಲಿ ಜಾಗದ ಮಾತು ಬಂತಲ್ಲ, ಮೇಲಿನ ರೂಮಲ್ಲಿರೋ ನಿಮ್ಮ ಹಳೇ ಫೈಲುಗಳನ್ನ ಯಾವಾಗ ತೆಗೀತೀರ?

ರಾಜು ಮಾವ: ಅನು, ಆ ನದಿ ಫೋಟೋ ಇದ್ರೆ ಕಳಿಸು.