ಬಸುರಿ ನಾಯಿಗೆ ಫಾಸ್ಟರ್ (ತಾತ್ಕಾಲಿಕ ಆಸರೆಯ) ಮನೆ: ಹೆರಿಗೆ ಹತ್ತಿರ ಬಂದಿದೆ, ಏನೇನು ತಯಾರಿ ಬೇಕು?

ಹೊಸ_ಫಾಸ್ಟರ್:

ರಕ್ಷಣೆ ಮಾಡಿ ತಂದ ಬೀದಿನಾಯಿ, 18 ಕೆಜಿ. ಯಾವಾಗ ಕೂಡಿತ್ತು ಅಂತ ಗೊತ್ತಿಲ್ಲ. ಎಕ್ಸ್‌ರೇಯಲ್ಲಿ ಆರು ತಲೆ ಕಂಡಿವೆ. ಮರಿಗಳ ಹಲ್ಲಿನ ಗುರುತು, ಪಂಜದ ಸಣ್ಣ ಮೂಳೆ ಆಗಲೇ ಕಾಣ್ತಿರೋದರಿಂದ ಹೆಚ್ಚೆಂದರೆ ಇನ್ನೊಂದು ವಾರ ಅಂತ ಡಾಕ್ಟರ್ ಅಂದಾಜು. ಕೈಯಿಂದ ತಿನ್ನುತ್ತೆ, ಆದರೆ ಹೊಟ್ಟೆ ಹತ್ತಿರ ಕೈ ಹೋದರೆ ಸರಿದುಕೊಳ್ಳುತ್ತೆ. ಮನೆಯಲ್ಲಿ ಇನ್ನೊಂದು ನಾಯಿ ಇದೆ, ಅದಕ್ಕೆ ಲಸಿಕೆ ಎಲ್ಲಾ ಆಗಿದೆ.

ಮರಿ ಹಾಕೋ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು? ಬಸುರಿಗೆ ಈಗಿನಿಂದಲೇ ಕ್ಯಾಲ್ಸಿಯಂ ಕೊಡಿ ಅಂತ ಒಬ್ಬರು ಹೇಳಿದ್ದಾರೆ, ಕೊಡಬಹುದಾ? ರಾತ್ರಿ ನೋವು ಬಂದರೆ ಎಲ್ಲಿಯವರೆಗೆ ಕಾಯಬೇಕು, ಯಾವಾಗ ಡಾಕ್ಟರ್ ಹತ್ತಿರ ಓಡಬೇಕು?

ಮರಿಮನೆ:

ಮೊದಲು ಜಾಗ. ಓಡಾಟ ಕಡಿಮೆ ಇರೋ, ಬಾಗಿಲು ಮುಚ್ಚಬಹುದಾದ ಕೋಣೆಗೆ ಇವತ್ತೇ ಸೇರಿಸಿ. ನೋವು ಶುರುವಾದ ಮೇಲೆ ಜಾಗ ಬದಲಿಸಿದರೆ ಹೆದರಿ ನೋವು ನಿಂತುಹೋಗೋದೂ ಉಂಟು.

ಪೆಟ್ಟಿಗೆ ಒಳಅಳತೆ 120 ಸೆಂಮೀ ಉದ್ದ, 90 ಸೆಂಮೀ ಅಗಲ ಇದ್ದರೆ ಸಾಕು. ತಾಯಿ ಮಗ್ಗುಲಾಗಿ ಕಾಲು ಚಾಚಿ ಮಲಗಿದ ಮೇಲೂ ಮರಿಗಳಿಗೆ ಒಂದು ಮೊಳ ಜಾಗ ಉಳಿಯಬೇಕು, ಅದೇ ಲೆಕ್ಕ. ಇನ್ನೂ ದೊಡ್ಡದು ಮಾಡಿದರೆ ಮರಿ ಮೂಲೆಗೆ ತೆವಳಿ ಅಲ್ಲೇ ತಣ್ಣಗಾಗುತ್ತೆ. ಗೋಡೆ 45–50 ಸೆಂಮೀ ಎತ್ತರ. ತಾಯಿ ಹೊರಗೆ ಹೋಗೋ ಬದಿ ಮಾತ್ರ 15 ಸೆಂಮೀ ಇರಲಿ, ಇಲ್ಲದಿದ್ದರೆ ದಾಟುವಾಗೆಲ್ಲ ಜೋತುಬಿದ್ದ ಮೊಲೆ ಅಂಚಿಗೆ ತರಚುತ್ತೆ. ಒಳಗೆ ಸುತ್ತಲೂ ಒಂದು ತಡೆಕಂಬಿ ಹಾಕಿ: ನೆಲದಿಂದ 10 ಸೆಂಮೀ ಮೇಲೆ, ಗೋಡೆಯಿಂದ 10 ಸೆಂಮೀ ಈಚೆ. ಪಿವಿಸಿ ಪೈಪ್ ನಡೆಯುತ್ತೆ. ತಾಯಿ ಗೋಡೆಗೆ ಬೆನ್ನು ಒತ್ತಿ ಕುಸಿದು ಮಲಗುವಾಗ ಹಿಂದೆ ಸಿಕ್ಕಿಕೊಂಡ ಮರಿ ಬದುಕೋದು ಆ ಸಂದಿಯಲ್ಲೇ. ಜನ ಬಿಟ್ಟುಬಿಡೋದೂ ಇದನ್ನೇ.

ಹೆರಿಗೆ ಮುಗಿಯೋವರೆಗೆ ಹಳೇ ಪತ್ರಿಕೆ ಪದರ ಪದರವಾಗಿ ಹಾಸಿ, ಒದ್ದೆಯಾದ ಪದರ ತೆಗೀತಾ ಹೋಗಿ. ಆಮೇಲೆ ಫ್ಲೀಸ್ ಬಟ್ಟೆ, ಅಂಚು ಕೆಳಗೆ ಬಿಗಿಯಾಗಿ ಸೇರಿಸಿ. ಸಡಿಲವಾದ ಟವೆಲ್ ಬೇಡ, ಮಡಿಕೆಯೊಳಗೆ ಮರಿ ಹೊಕ್ಕರೆ ತಾಯಿಗೆ ಕಾಣಲ್ಲ, ಮೇಲೇ ಮಲಗುತ್ತೆ. ಬರೀ ಪತ್ರಿಕೆ ಮೇಲೂ ಬಿಡಬೇಡಿ, ಹಿಡಿತ ಸಿಗದೆ ಮರಿಗಳ ಹಿಂಗಾಲು ಜಾರಿ ಅಗಲಕ್ಕೆ ಬಿಡುತ್ತೆ.

ಬಿಸಿ ಪೆಟ್ಟಿಗೆಯ ಒಂದೇ ಮೂಲೆಗೆ ಇರಲಿ. ಮೊದಲ ವಾರ ಆ ಮೂಲೆಯಲ್ಲಿ, ಮರಿಗಳ ಮಟ್ಟದಲ್ಲಿ, 29–32 ಡಿಗ್ರಿ ಸೆಲ್ಸಿಯಸ್. ಅಳೆಯೋ ಥರ್ಮಾಮೀಟರ್ ಹಾಸಿಗೆ ಮೇಲಿರಬೇಕು, ಗೋಡೆ ಮೇಲಲ್ಲ. ಎರಡು-ಮೂರನೇ ವಾರಕ್ಕೆ 26–27ಕ್ಕೆ ಇಳಿಸಿ. ಇಡೀ ಪೆಟ್ಟಿಗೆ ಬಿಸಿ ಮಾಡಿದರೆ ತಾಯಿ ಏದುಸಿರು ಬಿಡ್ತಾ ಮರಿ ಬಿಟ್ಟು ಹೊರಗೆ ಮಲಗುತ್ತೆ. ಮರಿಗಳೇ ಹೇಳುತ್ತವೆ: ಒಂದರ ಮೇಲೊಂದು ರಾಶಿ ಬಿದ್ದರೆ ಚಳಿ, ಒಂದೊಂದು ದಿಕ್ಕಿಗೆ ಚದುರಿದ್ದರೆ ಸೆಕೆ.

ಮನೆಯ ನಾಯಿಗೂ ಇದಕ್ಕೂ ಕನಿಷ್ಠ ಎರಡು ವಾರ ಭೇಟಿ ಬೇಡ. ಹೆರಿಗೆಯಾದ ಮೇಲಂತೂ ಮರಿಗಳಿಗೆ ಲಸಿಕೆ ಆಗೋವರೆಗೆ ಬೇಡವೇ ಬೇಡ. ಬಟ್ಟಲು, ಚಪ್ಪಲಿ, ಒರೆಸೋ ಬಟ್ಟೆ ಬೇರೆ ಬೇರೆ. ಮರಿಗಳಿಗೆ ಮಾರಕವಾದ ವಾಂತಿ-ಭೇದಿ ತರೋ ಪಾರ್ವೊ ವೈರಸ್ ಸೋಪಿಗೆ ಸಾಯಲ್ಲ: ನೆಲದ ಕೊಳೆ ತೊಳೆದು, ಶೇಕಡಾ 5ರ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ 10 ನಿಮಿಷ ಒದ್ದೆಯಾಗಿ ಬಿಟ್ಟು, ಆಮೇಲೆ ನೀರಿನಿಂದ ತೊಳೀಬೇಕು.

ಕ್ಯಾಲ್ಸಿಯಂ ಬೇಡ. ಹೊರಗಿಂದ ಸುರಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋ ಹಾರ್ಮೋನಿನ ಕೆಲಸ ಮಂದವಾಗುತ್ತೆ. ಆರು ಮರಿ ಒಟ್ಟಿಗೆ ಹಾಲು ಎಳೆಯೋಕೆ ಶುರು ಮಾಡಿದಾಗ ದೇಹಕ್ಕೆ ತಕ್ಷಣ ಒದಗಿಸೋಕಾಗಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ನಡುಕ, ಫಿಟ್ಸ್. ಅಂದರೆ ಯಾವುದನ್ನು ತಪ್ಪಿಸೋಕೆ ಕೊಡ್ತಾರೋ ಅದನ್ನೇ ತರುತ್ತೆ. ಅದರ ಬದಲು ಒಳ್ಳೆಯ ಪಪ್ಪಿ ಆಹಾರ ಕೊಡಿ, ದಿನಕ್ಕೆ ಮೂರು-ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಹೊಟ್ಟೆ ತುಂಬ ಮರಿ ಇರೋದರಿಂದ ಒಂದೇ ಸಲ ಹೆಚ್ಚು ಹಿಡಿಸಲ್ಲ.

ಜಂತುಹುಳದ ಔಷಧ ಬಗ್ಗೆ ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಫೆನ್‌ಬೆಂಡಜೋಲ್, ಕೆಜಿಗೆ 50 ಮಿಗ್ರಾಂ, ಬಸಿರಿನ 40ನೇ ದಿನದಿಂದ ಹೆರಿಗೆಯಾದ 14ನೇ ದಿನದವರೆಗೆ ದಿನಾ. ಹುಳ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತೆ, ಅದಕ್ಕೆ ಇಷ್ಟು ಉದ್ದದ ಕೋರ್ಸ್. ಉಣ್ಣಿ, ಚಿಗಟದ ಔಷಧ ಮಾತ್ರ ಅಂಗಡಿಯಿಂದ ತಂದು ಹಚ್ಚಬೇಡಿ, ಕೆಲವು ಬಸುರಿಗೆ ಆಗಲ್ಲ. ಲೈವ್ ಲಸಿಕೆಯೂ (ದುರ್ಬಲಗೊಳಿಸಿದ ಜೀವಂತ ವೈರಸ್ ಇರೋದು) ಈಗ ಬೇಡ.

ರಾತ್ರಿಪಾಳಿ:

ನಾನು ಹೆರಿಗೆ ರಾತ್ರಿಯದ್ದಷ್ಟೇ ಬರೀತೀನಿ.

ಇವತ್ತಿನಿಂದ ದಿನಕ್ಕೆ ಎರಡು ಸಲ ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬರೆದಿಡಿ. 37.2 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು. ಇಳಿತ ಕೆಲವು ಗಂಟೆ ಮಾತ್ರ ಇರುತ್ತೆ, ದಿನಕ್ಕೊಂದೇ ಸಲ ನೋಡಿದರೆ ತಪ್ಪಿಹೋಗಬಹುದು. ನಿಮ್ಮದು ಹಿಂಬದಿ ಮುಟ್ಟಿಸಿಕೊಳ್ಳದಿದ್ದರೆ ಇದನ್ನು ಬಿಟ್ಟುಬಿಡಿ, ಅಂಕಿಗೋಸ್ಕರ ಅದರ ನಂಬಿಕೆ ಕಳೆದುಕೊಳ್ಳೋದು ಲಾಭವಲ್ಲ. ಊಟ ಬಿಡೋದು, ನಡುಕ, ಏದುಸಿರು, ಹಾಸಿಗೆ ಕೆರೆಯೋದು ನೋಡಿದರೂ ತಿಳಿಯುತ್ತೆ. ಈ ಹಂತ 6ರಿಂದ 12 ಗಂಟೆ, ಕೆಲವೊಮ್ಮೆ 24. ಮೂತ್ರಕ್ಕೆ ಹೊರಗೆ ಬಿಡುವಾಗ ಸರಪಳಿ ಹಾಕಿ, ಟಾರ್ಚ್ ಹಿಡಿದು ಹೋಗಿ. ಪೊದೆಯ ಹಿಂದೆ ಒಂದು ಮರಿ ಹಾಕಿ ಬರೋದು ಹೊಸ ಮಾತಲ್ಲ.

ಆಮೇಲೆ ಹೊಟ್ಟೆ ಬಿಗಿದು ತಿಣುಕೋಕೆ ಶುರು. ಅರ್ಧ-ಒಂದು ಗಂಟೆಗೊಂದು ಮರಿ ಬರೋದು ಸಾಮಾನ್ಯ. ಹಿಂಗಾಲು ಮುಂದಾಗಿ ಬಂದರೂ ಗಾಬರಿ ಬೇಡ, ನಾಯಿಗಳಲ್ಲಿ ಅದು ಮಾಮೂಲು.

ಓಡಬೇಕಾದ ಸಂದರ್ಭ ಇವು. ಜೋರಾಗಿ ತಿಣುಕ್ತಾ 20–30 ನಿಮಿಷ ಆದರೂ ಮರಿ ಇಲ್ಲ. ಒಳಗೆ ಮರಿ ಇದೆ ಅಂತ ಗೊತ್ತಿದ್ದೂ ಎರಡು ಗಂಟೆ ಸುಮ್ಮನಿದೆ. ಮೊದಲ ಮರಿ ಬರೋ ಮುಂಚೆಯೇ ಕಡುಹಸಿರು ಸ್ರಾವ ಬಂತು, ಅಂದರೆ ಒಳಗೆ ಮಾಸು ಬಿಟ್ಟುಕೊಂಡಿದೆ, ಮರಿಗೆ ಉಸಿರು ಕಡಿಮೆಯಾಗ್ತಿದೆ. ಉಷ್ಣ ಇಳಿದು 24 ಗಂಟೆಯಾದರೂ ನೋವಿಲ್ಲ. ಮರಿ ಅರ್ಧ ಹೊರಬಂದು ಸಿಕ್ಕಿಕೊಂಡಿದೆ. ಒಂದು ಮರಿ ಬಂದ ಮೇಲಿನ ಹಸಿರು ಸ್ರಾವಕ್ಕೆ ಹೆದರಬೇಕಿಲ್ಲ. ರಾತ್ರಿ ತೆರೆದಿರೋ ಆಸ್ಪತ್ರೆ ಯಾವುದು ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಮರಿ ಬಂದ ತಕ್ಷಣ ಕೈ ಹಾಕಬೇಡಿ, ಪೊರೆ ಹರಿಯೋದು ತಾಯಿಯ ಕೆಲಸ. ಒಂದು ನಿಮಿಷ ಕಳೆದರೂ ಹರಿಯದಿದ್ದರೆ ಮೂಗಿನ ಹತ್ತಿರ ಬೆರಳಲ್ಲಿ ಹರಿದು, ರಬ್ಬರ್ ಬಲ್ಬ್ ಸಿರಿಂಜಿನಿಂದ ಮೊದಲು ಬಾಯಿಯ, ಆಮೇಲೆ ಮೂಗಿನ ಲೋಳೆ ಎಳೆದು ತೆಗೆಯಿರಿ. ತಲೆ ಸ್ವಲ್ಪ ತಗ್ಗಿಸಿ ಹಿಡಿದು ಒಣ ಟವೆಲ್ಲಿನಿಂದ ಬೆನ್ನು ಚೆನ್ನಾಗಿ ಉಜ್ಜಿ. ನೀಲಿಯಾಗಿರೋ ನಾಲಗೆ ಗುಲಾಬಿಗೆ ತಿರುಗಿ, ಬಾಯಿ ಅಗಲಿಸಿ ಕಿರುಚೋವರೆಗೆ ನಿಲ್ಲಿಸಬೇಡಿ. ಹಿಡಿದು ಬೀಸೋ ಹಳೇ ಪದ್ಧತಿ ಬೇಡ, ಮೆದುಳಿಗೆ ಪೆಟ್ಟಾಗುತ್ತೆ. ಹೊಕ್ಕುಳ ಬಳ್ಳಿಯನ್ನು ತಾಯಿ ಕಡಿಯದಿದ್ದರೆ ಹೊಟ್ಟೆಯಿಂದ 2–2.5 ಸೆಂಮೀ ದೂರದಲ್ಲಿ ದಾರ ಕಟ್ಟಿ, ಕಟ್ಟಿನ ಆಚೆ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಅದ್ದಿ. ಮಾಸು ಎಣಿಸಿ: ಆರು ಮರಿಗೆ ಆರು. ತಾಯಿ ಒಂದೆರಡು ತಿಂದರೆ ತೊಂದರೆಯಿಲ್ಲ, ಎಲ್ಲಾ ತಿಂದರೆ ಭೇದಿ.

ಹಾಲುಗಲ್ಲ:

ಹಾಲು ಸಾಲದಿದ್ದರೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ನಡೆಯುತ್ತೆ ಅಲ್ವಾ?

ತಕ್ಕಡಿ:

ನಡೆಯಲ್ಲ. ನಾಯಿಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಹಸುವಿನ ಹಾಲಿನ ಎರಡು ಪಟ್ಟಿಗೂ ಹೆಚ್ಚು, ಲ್ಯಾಕ್ಟೋಸ್ ಮಾತ್ರ ಕಡಿಮೆ. ನೀರು ಬೆರೆಸಿದರೆ ಇರೋ ಅಷ್ಟಿಷ್ಟು ಸತ್ವವೂ ಹೋಗಿ ಭೇದಿ ಉಳಿಯುತ್ತೆ. ನಾಯಿಮರಿಗಳಿಗೆ ಅಂತಲೇ ಬರೋ ಹಾಲಿನ ಪುಡಿ ಒಂದು ಡಬ್ಬ ಮೊದಲೇ ತಂದಿಡಿ, ಡಬ್ಬದ ಮೇಲಿನ ಅಳತೆಯಂತೆ ಕಲಸಿ.

ಆದರೆ ಹಾಲಿನ ಡಬ್ಬಕ್ಕಿಂತ ಮುಂಚೆ ಕೊಳ್ಳಬೇಕಾದದ್ದು ಗ್ರಾಮಿನಲ್ಲಿ ತೋರಿಸೋ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಹುಟ್ಟಿದ ತೂಕ ಬರೀರಿ, ಮೊದಲ ವಾರ ದಿನಕ್ಕೆರಡು ಸಲ ಅದೇ ಹೊತ್ತಿಗೆ ತೂಗಿ. ಗುರುತಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಉಣ್ಣೆದಾರ, ದಿನಾ ಸಡಿಲ ಮಾಡ್ತಾ ಇರಿ. ಮೊದಲ ದಿನ ಸ್ವಲ್ಪ ಇಳಿಯಬಹುದು, ಶೇಕಡಾ 10 ದಾಟಬಾರದು. ಆಮೇಲೆ ದಿನಕ್ಕೆ ಶೇಕಡಾ 5–10 ಏರಿಕೆ, 7–10 ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟು. ಮೊಲೆ ಬಾಯಲ್ಲಿಟ್ಟುಕೊಂಡೇ ಇರೋ ಮರಿಗೆ ಹಾಲು ಇಳೀತಿದೆ ಅಂತೇನಿಲ್ಲ, ಕಣ್ಣು ಅಲ್ಲಿ ಮೋಸ ಹೋಗುತ್ತೆ. ಏರದ ಮರಿ ಇದ್ದರೆ ಮೊದಲು ದೊಡ್ಡ ಮರಿಗಳನ್ನು ಬದಿಗಿಟ್ಟು, ಅದನ್ನು ಹಿಂದಿನ, ಹಾಲು ಹೆಚ್ಚಿರೋ ಮೊಲೆಗೆ ಹಚ್ಚಿ. ಮೊದಲ 12 ಗಂಟೆಯೊಳಗೆ ಎಲ್ಲಕ್ಕೂ ಗಿಣ್ಣುಹಾಲು ಹೋಗಿರಬೇಕು, ದಿನ ಕಳೆದ ಮೇಲೆ ಅದರಲ್ಲಿರೋ ರೋಗನಿರೋಧಕ ಅಂಶ ಕರುಳಿನಿಂದ ರಕ್ತಕ್ಕೆ ಸೇರಲ್ಲ.

ಸಪ್ಪಗಿರೋ ಮರಿಗೆ ತಕ್ಷಣ ಹಾಲು ಹಿಂಡೋದು ಎಲ್ಲರೂ ಮಾಡೋ ತಪ್ಪು. ಮೈ ಉಷ್ಣ 34.4 ಡಿಗ್ರಿಗಿಂತ ಕೆಳಗಿದ್ದರೆ ಕರುಳು ಕೆಲಸ ನಿಲ್ಲಿಸಿರುತ್ತೆ. ಕುಡಿಸಿದ ಹಾಲು ಅಲ್ಲೇ ನಿಂತು ಹುದುಗುತ್ತೆ, ಇಲ್ಲಾ ಮೇಲಕ್ಕೆ ಬಂದು ಶ್ವಾಸಕೋಶ ಸೇರುತ್ತೆ. ಬಾಯೊಳಗೆ ಕಿರುಬೆರಳು ಇಟ್ಟು ನೋಡಿ: ಒಳಗೆ ತಣ್ಣಗಿದ್ದು ಚೀಪದೆ ಇದ್ದರೆ ಹಾಲು ಬೇಡ. ನಿಮ್ಮ ಮೈಗೆ ಒತ್ತಿಟ್ಟುಕೊಳ್ಳಿ ಅಥವಾ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿ ಪಕ್ಕ ಇಡಿ, ಒಂದರಿಂದ ಮೂರು ಗಂಟೆ ಹಿಡಿಯುತ್ತೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿಯಬೇಡಿ. ಒಸಡಿಗೆ ಗ್ಲೂಕೋಸ್ ನೀರು ಒಂದೆರಡು ಹನಿ ಸವರಬಹುದು. ಅಷ್ಟರಲ್ಲಿ ಡಾಕ್ಟರಿಗೆ ಫೋನ್ ಹೋಗಿರಲಿ.

ಬೆಚ್ಚಗಾಗಿ ಚೀಪೋಕೆ ಶುರು ಮಾಡಿದ ಮೇಲೆ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿಲೀ ಮೀರದಂತೆ, ಎರಡು-ಮೂರು ಗಂಟೆಗೊಮ್ಮೆ. ಹೊಟ್ಟೆ ಕೆಳಗಾಗಿ ಮಲಗಿಸಿ, ತಲೆ ತುಸು ಎತ್ತಿ. ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತೆ. ಮೂಗಿನಿಂದ ಹಾಲು ಬಂದರೆ ನಿಲ್ಲಿಸಿ, ನಿಪ್ಪಲ್ಲಿನ ತೂತು ದೊಡ್ಡದಾಗಿದೆ ಅಂತ ಅರ್ಥ. ತಾಯಿ ನೆಕ್ಕದ ಮರಿಗೆ ಪ್ರತಿ ಸಲ ಬೆಚ್ಚನೆ ಒದ್ದೆ ಹತ್ತಿಯಿಂದ ಅಡಿಭಾಗ ಒರೆಸಿ ಮೂತ್ರ, ಮಲ ಮಾಡಿಸಬೇಕು, ಮೂರು ವಾರದವರೆಗೂ.

ಹೊಸ_ಫಾಸ್ಟರ್:

ತುಂಬಾ ಉಪಯೋಗವಾಯ್ತು. ಒಂದು ಅನುಮಾನ: ಮರಿ ಮುಟ್ಟೋಕೆ ಹೋದರೆ ಗುರ್ ಅಂದರೆ ತೂಗೋದು ಹೇಗೆ?

ಮರಿಮನೆ:

ತಾಯಿ ಮೂತ್ರಕ್ಕೆ ಹೊರಹೋದಾಗ. ಒಬ್ಬರು ಕರೆದುಕೊಂಡು ಹೋಗಿ, ಇನ್ನೊಬ್ಬರು ಬಾಗಿಲು ಹಾಕಿಕೊಂಡು ತೂಗಿ. ಆರು ಮರಿಗೆ ಐದು ನಿಮಿಷ ಸಾಕು. ಕೈ ತೊಳೆದು, ತಾಯಿ ಮಲಗಿದ ಬಟ್ಟೆಗೆ ಉಜ್ಜಿಕೊಂಡು ಮರಿ ಎತ್ತಿ. ಒಬ್ಬರೇ ಇದ್ದರೆ ಬಾಗಿಲಾಚೆ ಅದಕ್ಕೆ ತುಂಬಾ ಇಷ್ಟವಾದ ತಿಂಡಿ ಇಟ್ಟು ಬಾಗಿಲು ಹಾಕಿ. ಗುರ್ ಅಂದಿದ್ದಕ್ಕೆ ಗದರಬೇಡಿ. ಗದರಿದರೆ ಎಚ್ಚರಿಕೆ ಕೊಡೋದು ನಿಲ್ಲಿಸುತ್ತೆ, ಮುಂದಿನ ಸಲ ನೇರ ಕಚ್ಚುತ್ತೆ. ಕತ್ತಿನ ಪಟ್ಟಿಗೆ ಸದಾ ಹಗ್ಗ ಬಿಟ್ಟು ಎಳೆಯೋ ಉಪಾಯ ಹೆರಿಗೆಯಾದ ಮೇಲೆ ಬೇಡ, ಮರಿಗಳಿಗೆ ಸುತ್ತಿಕೊಳ್ಳುತ್ತೆ. ಕಚ್ಚಿದರೆ ಗಾಯವನ್ನು ಸೋಪು, ಹರಿಯೋ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ. ಅದರ ಹಿಂದಿನ ಇತಿಹಾಸ ಯಾರಿಗೂ ಗೊತ್ತಿಲ್ಲವಲ್ಲ.

ರಾತ್ರಿಪಾಳಿ:

ಮರಿ ನೋಡ್ತಾ ತಾಯಿಯನ್ನು ಮರೀಬೇಡಿ. ಮೊದಲ ನಾಲ್ಕು ವಾರದಲ್ಲಿ ಯಾವತ್ತಾದರೂ ಚಡಪಡಿಕೆ, ಏದುಸಿರು, ಸೆಟೆದ ನಡಿಗೆ, ಸ್ನಾಯು ಅದುರೋದು ಕಂಡರೆ ಕ್ಯಾಲ್ಸಿಯಂ ಕುಸಿದಿದೆ. ಮರಿಗಳನ್ನು ಬಿಡಿಸಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ. ಅಲ್ಲಿ ರಕ್ತನಾಳಕ್ಕೆ ನಿಧಾನವಾಗಿ ಕೊಡ್ತಾರೆ. ದಿನಾ ಒಂದೊಂದು ಮೊಲೆ ಮುಟ್ಟಿ ನೋಡಿ, ಮುಟ್ಟಿಸಿಕೊಳ್ಳದಿದ್ದರೆ ಮಲಗಿದಾಗ ಕಣ್ಣಲ್ಲೇ ನೋಡಿ: ಗಟ್ಟಿ, ಬಿಸಿ, ನೇರಳೆ ಬಣ್ಣ ಇದ್ದರೆ ಕೆಚ್ಚಲು ಬಾವು. ಕೆಂಪು-ಕಂದು ಸ್ರಾವ ಮೂರು-ನಾಲ್ಕು ವಾರ ಇದ್ದೀತು, ಆದರೆ ಕೆಟ್ಟ ವಾಸನೆ ಬಂದರೆ, ಜ್ವರ 39.5 ದಾಟಿದರೆ ಗರ್ಭಕೋಶಕ್ಕೆ ಸೋಂಕು. ಊಟ ಮೂರು-ನಾಲ್ಕನೇ ವಾರಕ್ಕೆ ಮಾಮೂಲಿನ ಮೂರು ಪಟ್ಟಾದರೂ ಆಶ್ಚರ್ಯವಿಲ್ಲ, ಬಟ್ಟಲು ಖಾಲಿ ಬಿಡಬೇಡಿ.

ತಕ್ಕಡಿ:

ಮುಂದಿನ ವಾರಗಳದ್ದು ಚುಟುಕಾಗಿ. ಕಣ್ಣು 10–14 ದಿನಕ್ಕೆ ತೆರೆಯುತ್ತೆ. ಅದಕ್ಕೆ ಮುಂಚೆ ರೆಪ್ಪೆ ಊದಿದರೆ ಒಳಗೆ ಕೀವು, ನೀವೇ ಬಿಡಿಸಬೇಡಿ, ತೋರಿಸಿ. ವಾರಕ್ಕೊಮ್ಮೆ ಉಗುರಿನ ಚೂಪು ತುದಿ ಕತ್ತರಿಸಿ, ಇಲ್ಲದಿದ್ದರೆ ಮೊಲೆ ಗೀರಿ ತಾಯಿ ಹಾಲು ಕೊಡೋಕೇ ಒಪ್ಪಲ್ಲ. ಹುಳದ ಔಷಧ 2, 4, 6, 8ನೇ ವಾರ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ. ಮೂರೂವರೆ ವಾರಕ್ಕೆ ನೆನೆಸಿ ಗಂಜಿಯಂತೆ ಮಾಡಿದ ಪಪ್ಪಿ ಆಹಾರ ಚಪ್ಪಟೆ ತಟ್ಟೆಯಲ್ಲಿ. ಮೊದಲ ದಿನ ಹೊಟ್ಟೆಗಿಂತ ಕಾಲಿಗೇ ಹೆಚ್ಚು ಹೋಗುತ್ತೆ. ಅದೇ ಹೊತ್ತಿಗೆ ಮನುಷ್ಯರ ಕೈ, ಮಿಕ್ಸಿ ಸದ್ದು, ಬೇರೆ ಬೇರೆ ನೆಲ ಅಭ್ಯಾಸ ಮಾಡಿಸಿ. ಮೊದಲ ಲಸಿಕೆ 6–8 ವಾರಕ್ಕೆ, ಆಮೇಲೆ 2–4 ವಾರಕ್ಕೊಂದರಂತೆ 16 ವಾರದವರೆಗೆ. ಎಂಟು ವಾರಕ್ಕೆ ಮುಂಚೆ ಯಾರು ಕೇಳಿದರೂ ಮರಿ ಕೊಡಬೇಡಿ. ಮರಿ ಹಾಲು ಬಿಟ್ಟು ತಾಯಿಯ ಕೆಚ್ಚಲು ಪೂರ್ತಿ ಬತ್ತಿದ ಮೇಲೆ ಸಂತಾನಹರಣ ಚಿಕಿತ್ಸೆಗೆ ದಿನ ಗೊತ್ತು ಮಾಡಿ, ಅಲ್ಲಿಯವರೆಗೆ ಗೇಟಿನ ಚಿಲಕ ಭದ್ರವಾಗಿರಲಿ.