ಪಾಲ್ಮಿಟಿಕ್ ಆಮ್ಲ ಕೊಟ್ಟ ಕೋಶಗಳು ಸಾಯುವುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ಎಂ.ಎಸ್‌ಸಿ. ವಿದ್ಯಾರ್ಥಿನಿ, ಬೆಂಗಳೂರು

ಇಲ್ಲಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ರಕ್ತದಲ್ಲಿ ಕೊಬ್ಬಿನಾಮ್ಲಗಳನ್ನು ಹೊತ್ತೊಯ್ಯುವ ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಕೂಡಿಸಿದ 0.5 ಮಿಲಿಮೋಲಾರ್ ಪಾಲ್ಮಿಟಿಕ್ ಆಮ್ಲವನ್ನು (ಒಂದು ಪರ್ಯಾಪ್ತ ಕೊಬ್ಬಿನಾಮ್ಲ) ಹೆಪ್‌ಜಿ2 ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಯಕೃತ್ತಿನ ಕೋಶಗಳಿಗೆ ಕೊಟ್ಟರೆ, ಮರುದಿನದ ಹೊತ್ತಿಗೆ ಅವು ದುಂಡಗಾಗಿ ತಟ್ಟೆಯ ತಳ ಬಿಟ್ಟು ತೇಲುತ್ತಿರುತ್ತವೆ. ಅಷ್ಟೇ ಪ್ರಮಾಣದ ಓಲಿಕ್ ಆಮ್ಲ (ಒಂದು ದ್ವಿಬಂಧವಿರುವ ಅಪರ್ಯಾಪ್ತ ಕೊಬ್ಬಿನಾಮ್ಲ) ಕೊಟ್ಟ ತಟ್ಟೆಯಲ್ಲಿ ಮಾತ್ರ ಕೋಶಗಳು ಒಳಗೆಲ್ಲ ಕೊಬ್ಬಿನ ಹನಿ ತುಂಬಿಕೊಂಡು ಆರೋಗ್ಯವಾಗಿಯೇ ಇರುತ್ತವೆ. ನಮ್ಮ ದೇಹವೇ ತಯಾರಿಸುವ, ನಮ್ಮ ಕೊಬ್ಬಿನಲ್ಲಿ ಸುಮಾರು ಕಾಲು ಭಾಗದಷ್ಟಿರುವ ಆಮ್ಲವೊಂದು ವಿಷದಂತೆ ವರ್ತಿಸುವುದು ಹೇಗೆ? ಇನ್ನೊಂದು ಸಂಗತಿ: ಬೆಳಿಗ್ಗೆ ನೋಡಿದರೆ ಮೊದಲೇ ಮಾಡಿಟ್ಟ ಪಾಲ್ಮಿಟಿಕ್ ಆಮ್ಲದ ಸ್ಟಾಕ್ ದ್ರಾವಣ ಮಬ್ಬಾಗಿ, ಬಿಳಿ ಚೂರುಗಳು ಕಾಣಿಸುತ್ತವೆ. ಇದಕ್ಕೂ ಫಲಿತಾಂಶಕ್ಕೂ ಸಂಬಂಧವಿದೆಯೇ?

ಉತ್ತರ 1: ಲಿಪಿಡ್ ಪ್ರಯೋಗಾಲಯದ ಸಹಾಯಕ

ಮೊದಲು ಮಬ್ಬಿನ ವಿಚಾರ, ಏಕೆಂದರೆ ಅದು ಸರಿಹೋಗದೆ ಉಳಿದದ್ದನ್ನು ಚರ್ಚಿಸಿ ಪ್ರಯೋಜನವಿಲ್ಲ. ಪಾಲ್ಮಿಟಿಕ್ ಆಮ್ಲದ ಕರಗುವ ಬಿಂದು ಸುಮಾರು 63 ಡಿಗ್ರಿ ಸೆಲ್ಸಿಯಸ್. ಡಿಸೆಂಬರಿನ ಬೆಂಗಳೂರಿನಲ್ಲಿ, ಹೀಟರ್ ಇಲ್ಲದ ಕೋಣೆಯ ಬೆಂಚಿನ ಮೇಲೆ ಅದು ಹೆಪ್ಪುಗಟ್ಟದೆ ಇರುವುದೇ ಕಷ್ಟ. ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 70 ಡಿಗ್ರಿಗೆ ಕಾಯಿಸಿ, ಸೋಡಿಯಂ ಪಾಲ್ಮಿಟೇಟ್ (ಪಾಲ್ಮಿಟಿಕ್ ಆಮ್ಲದ ಲವಣ) ತಿಳಿಯಾಗಿರುವಾಗಲೇ, 37 ಡಿಗ್ರಿಯಲ್ಲಿರುವ ಕೊಬ್ಬಿನಾಮ್ಲರಹಿತ ಅಲ್ಬುಮಿನ್‌ಗೆ ಕಲಕುತ್ತಾ ಹನಿಹನಿಯಾಗಿ ಸೇರಿಸಬೇಕು. ಅಲ್ಬುಮಿನ್ ಹಿಡಿದುಕೊಳ್ಳದೆ ಬಿಟ್ಟ ಪಾಲ್ಮಿಟೇಟ್, ಕೋಶಗಳನ್ನು ಬೆಳೆಸುವ ಮಾಧ್ಯಮದ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಸೋಪಾಗುತ್ತದೆ; ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡಿದಾಗ ಬಕೆಟ್ಟಿಗೆ ಅಂಟುವ ಬಿಳಿ ಪದರವೂ ಇದೇ ಬಗೆಯದು.

ಮಬ್ಬಾದ ದ್ರಾವಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದರೆ ತಿಳಿಯಾದದ್ದೇನೋ ಸಿಗುತ್ತದೆ, ಆದರೆ ಅದರಲ್ಲಿ ಎಷ್ಟು ಆಮ್ಲ ಉಳಿದಿದೆ ಎಂಬುದು ಬಾಟಲಿಯ ಲೇಬಲ್ಲಿಗೂ ಗೊತ್ತಿರುವುದಿಲ್ಲ. ಸೋಸಿದ ಮೇಲೆ ಮುಕ್ತ ಕೊಬ್ಬಿನಾಮ್ಲದ ಕಿಟ್‌ನಿಂದ ಅಳೆದು ನೋಡಿ. ಕಂಟ್ರೋಲ್ ತಟ್ಟೆಗೂ ಅದೇ ಅಲ್ಬುಮಿನ್, ಅಷ್ಟೇ ಕ್ಷಾರ ಹೋಗಬೇಕು.

ಉತ್ತರ 2: ಚಯಾಪಚಯ ಸಂಶೋಧಕ

ನನ್ನ ದೃಷ್ಟಿಯಲ್ಲಿ ಇಲ್ಲಿ ಕೇಳಬೇಕಾದ ಪ್ರಶ್ನೆ, ಆ ಆಮ್ಲ ಯಾರ ಜೊತೆಯಲ್ಲಿ ಬಂತು ಎಂಬುದು. ಉಪವಾಸದಲ್ಲಿರುವ ಮನುಷ್ಯನ ರಕ್ತದಲ್ಲಿ ಎಲ್ಲ ಮುಕ್ತ ಕೊಬ್ಬಿನಾಮ್ಲಗಳೂ ಸೇರಿ ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೋಲಾರ್ ಇರುತ್ತವೆ. ಪಾಲ್ಮಿಟಿಕ್ ಪಾಲು ಅದರಲ್ಲಿ ಕಾಲು ಭಾಗದ ಆಸುಪಾಸು. ರಕ್ತದ ಅಲ್ಬುಮಿನ್ ಸುಮಾರು 0.6 ಮಿಲಿಮೋಲಾರ್, ಅಂದರೆ ಒಂದು ಅಲ್ಬುಮಿನ್‌ಗೆ ಸರಾಸರಿ ಒಂದು ಅಥವಾ ಅದಕ್ಕೂ ಕಡಿಮೆ ಕೊಬ್ಬಿನಾಮ್ಲ. ನಿಮ್ಮ ಮಾಧ್ಯಮದಲ್ಲಿ ಶೇ. 1ರಷ್ಟು ಅಲ್ಬುಮಿನ್ ಇದೆ ಎಂದುಕೊಂಡರೆ ಅದು 0.15 ಮಿಲಿಮೋಲಾರ್, ಒಂದೊಂದು ಅಲ್ಬುಮಿನ್‌ನ ಮೇಲೆ ಮೂರಕ್ಕೂ ಹೆಚ್ಚು ಪಾಲ್ಮಿಟೇಟ್ ಕೂತಿವೆ, ಅದೂ ಬೇರಾವ ಕೊಬ್ಬಿನಾಮ್ಲದ ಸಂಗಡವೂ ಇಲ್ಲದೆ. ಕೋಶಕ್ಕೆ ತಗಲುವುದು ಅಲ್ಬುಮಿನ್‌ನಿಂದ ಬಿಟ್ಟುಕೊಂಡ ಆಮ್ಲವಾದ್ದರಿಂದ, ಒಟ್ಟು ಸಾಂದ್ರತೆಗಿಂತ ಈ ಅನುಪಾತವೇ ಮುಖ್ಯ. ಪ್ರಬಂಧದಲ್ಲಿ 0.5 ಎಂದಷ್ಟೇ ಬರೆದು ಅನುಪಾತ ಬಿಟ್ಟುಬಿಡುವವರ ಮೇಲೆ ನನಗೆ ಸಿಟ್ಟಿದೆ.

ಕೋಶದೊಳಗೆ ಹೋದ ಪಾಲ್ಮಿಟೇಟ್ ತನ್ನ ಸಕ್ರಿಯ ರೂಪವಾದ ಪಾಲ್ಮಿಟಾಯ್ಲ್-ಕೋಎ ಆಗುತ್ತದೆ. ಅದು ಮೈಟೊಕಾಂಡ್ರಿಯಾಕ್ಕೆ ಹೋಗಿ ಏಳು ಸುತ್ತಿನಲ್ಲಿ ಎಂಟು ಅಸಿಟೈಲ್-ಕೋಎಗಳಾಗಿ ಒಡೆಯಬಹುದು, ಇಲ್ಲವೇ ಎಸ್‌ಸಿಡಿ1 ಕಿಣ್ವದಿಂದ ದ್ವಿಬಂಧ ಪಡೆದು (ಅಪರ್ಯಾಪ್ತವಾಗಿ) ಕೂಡಿಡುವ ಕೊಬ್ಬಾದ ಟ್ರೈಗ್ಲಿಸರೈಡ್‌ನ ಹನಿಗಳಲ್ಲಿ ಸೇರಬಹುದು. ಈ ಎರಡೂ ದಾರಿಗಳಲ್ಲಿ ಸಾಗದೆ ಉಳಿದದ್ದೇ ತೊಂದರೆ ಕೊಡುವುದು: ಒಂದಷ್ಟು ಸೆರೀನ್ ಎಂಬ ಅಮೈನೊ ಆಮ್ಲದ ಜೊತೆ ಕೂಡಿ ಸೆರಮೈಡ್ ಎಂಬ ಕೊಬ್ಬಿನ ಅಣು ಆಗುತ್ತದೆ, ಇನ್ನೊಂದಷ್ಟು ಪೊರೆಯ ಕೊಬ್ಬುಗಳಾದ ಫಾಸ್ಫೊಲಿಪಿಡ್‌ಗಳಿಗೆ ಸೇರಿ, ಕೋಶದಲ್ಲಿ ಪ್ರೋಟೀನ್‌ಗಳು ರೂಪುಗೊಳ್ಳುವ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯನ್ನು ಬಿಗಿಗೊಳಿಸಿ ಅಲ್ಲಿನ ಒತ್ತಡದ ಸಂಕೇತಗಳನ್ನು ಎಬ್ಬಿಸುತ್ತದೆ. ಓಲಿಕ್ ಆಮ್ಲ ಜೊತೆಗಿದ್ದರೆ ಪಾಲ್ಮಿಟೇಟ್ ಟ್ರೈಗ್ಲಿಸರೈಡ್‌ಗೆ ಸರಾಗವಾಗಿ ಸೇರುತ್ತದೆ. ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ 2003ರಲ್ಲೇ ಇದನ್ನು ತೋರಿಸಿದ್ದಾರೆ. ನಿಮ್ಮ ಓಲಿಕ್ ತಟ್ಟೆಯಲ್ಲಿ ಕಾಣುವ ಹನಿಗಳು ರೋಗದ ಗುರುತಿಗಿಂತ ಹೆಚ್ಚಾಗಿ ರಕ್ಷಣೆಯ ಗುರುತು.

ವಿಷ ಎಂಬ ಮಾತನ್ನು ಅಳೆದು ಬಳಸಿ. ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ಕಾಯುವ ದ್ರವದ ಮುಖ್ಯ ಅಣುವಿಗೆ ಎರಡೂ ಬಾಲಗಳು ಪಾಲ್ಮಿಟಿಕ್ ಆಮ್ಲದ್ದೇ, ಮತ್ತು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳು ಉಸಿರಿಗೆ ಒದ್ದಾಡುವುದು ಈ ದ್ರವ ಸಾಲದೆ. ಬೆಳವಣಿಗೆಯ ಸಂಕೇತ ಸಾಗಿಸುವ ರಾಸ್‌ನಂಥ ಪ್ರೋಟೀನ್‌ಗಳನ್ನು ಪೊರೆಗೆ ಅಂಟಿಸುವುದೂ, ಬೇಕಾದಾಗ ಬಿಡಿಸುವುದೂ ಅವುಗಳ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಸೇರುವ ಇದೇ ಆಮ್ಲದ ಮೂಲಕ.

ಉತ್ತರ 3: ಆಹಾರ ವಿಜ್ಞಾನದ ಅಧ್ಯಾಪಕಿ

ಉರಿಯೂತವನ್ನು ಅಳೆಯುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಪಾಲ್ಮಿಟೇಟ್ ನೇರವಾಗಿ, ಬ್ಯಾಕ್ಟೀರಿಯಾವನ್ನು ಗುರುತಿಸಿ ಉರಿಯೂತ ಎಬ್ಬಿಸುವ ಟಿಎಲ್‌ಆರ್4 ಗ್ರಾಹಿಗೆ ಕೂತು ಅದನ್ನು ಕೆರಳಿಸುತ್ತದೆ ಎಂದು 2001ರಿಂದ ಬಹಳ ಕಡೆ ಬರೆದರು. ಆದರೆ ಅಲ್ಬುಮಿನ್ ಪುಡಿಯಲ್ಲಿ, ಆ ಗ್ರಾಹಿಯನ್ನು ತಾನೇ ಕೆರಳಿಸುವ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಸೇರಿರಬಹುದೆಂಬ ಆಕ್ಷೇಪ ಬಂತು, 2018ರ ಸಂಶೋಧನೆಯೊಂದು ಪಾಲ್ಮಿಟೇಟ್ ಆ ಗ್ರಾಹಿಯ ಪ್ರಚೋದಕವಲ್ಲವೆಂದು ತೋರಿಸಿತು. ಎಂಡೊಟಾಕ್ಸಿನ್ ಕಡಿಮೆಯಿರುವ ಅಲ್ಬುಮಿನ್ ತರಿಸಿ.

ತಟ್ಟೆಯ ಫಲಿತಾಂಶವನ್ನು ಊಟದ ಎಲೆಗೆ ಎಳೆಯುವ ಮುನ್ನ, ಆ ಆಮ್ಲ ಟ್ರೈಗ್ಲಿಸರೈಡ್‌ನ ಮೂರು ಸ್ಥಾನಗಳಲ್ಲಿ ಎಲ್ಲಿ ಕೂತಿದೆ ಎಂಬುದನ್ನೂ ನೋಡಬೇಕು. ತಾಯಿಹಾಲಿನಲ್ಲಿ ಅದು ಬಹುಪಾಲು ನಡುವಿನ ಸ್ಥಾನದಲ್ಲಿರುತ್ತದೆ, ತಾಳೆ ಎಣ್ಣೆಯಲ್ಲಿ ಹೆಚ್ಚಾಗಿ ತುದಿಗಳಲ್ಲಿ. ಜೀರ್ಣರಸದ ಕಿಣ್ವ ತುದಿಗಳನ್ನು ಕತ್ತರಿಸುವುದರಿಂದ, ತಾಳೆ ಎಣ್ಣೆ ಬಳಸಿದ ಪುಡಿಹಾಲು ಕುಡಿದ ಶಿಶುವಿನ ಕರುಳಿನಲ್ಲಿ ಬಿಡಿ ಪಾಲ್ಮಿಟಿಕ್ ಆಮ್ಲ ಕ್ಯಾಲ್ಸಿಯಂ ಸೋಪಾಗಿ ಮಲ ಗಟ್ಟಿಯಾಗುತ್ತದೆ. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಇದರ ಪಾಲು ಸುಮಾರು ಶೇ. 44, ತುಪ್ಪದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು, ತೆಂಗಿನೆಣ್ಣೆಯಲ್ಲಿ ಶೇ. 8-9. ಅಪರ್ಯಾಪ್ತ ಎಣ್ಣೆಯ ಬದಲಿಗೆ ಇದನ್ನು ತಿಂದರೆ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತುಪ್ಪ ಬಿಟ್ಟು ಜಹಾಂಗೀರಿಗೆ ಕೈಹಾಕಿದವರ ಯಕೃತ್ತು ಹೆಚ್ಚಾದ ಸಕ್ಕರೆಯಿಂದ ಇದನ್ನೇ ತಯಾರಿಸುತ್ತದೆ. 2021ರಲ್ಲಿ ಬಾರ್ಸಿಲೋನಾದ ತಂಡ ಪಾಲ್ಮಿಟಿಕ್ ಆಹಾರದಿಂದ ಗೆಡ್ಡೆಗಳ ಹರಡುವಿಕೆ ಹೆಚ್ಚುವುದನ್ನು, ಓಲಿಕ್ ಆಮ್ಲದಿಂದ ಹಾಗಾಗದಿರುವುದನ್ನು ವರದಿ ಮಾಡಿತು. ಅದು ಇಲಿಗಳಲ್ಲಿ ನಡೆದ ಕೆಲಸ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಎರಡೂ ಆಮ್ಲಗಳನ್ನು ಬೆರೆಸಿ ಕೊಡುವುದಾದರೆ ಯಾವ ಅನುಪಾತದಿಂದ ಆರಂಭಿಸಲಿ?

ಉತ್ತರ 2ರ ಬರಹಗಾರ

ಯಕೃತ್ತಿನ ಕೋಶಗಳಲ್ಲಿ ಎರಡು ಪಾಲು ಓಲಿಕ್‌ಗೆ ಒಂದು ಪಾಲು ಪಾಲ್ಮಿಟಿಕ್ ಎಂಬ ಮಿಶ್ರಣ ಬಳಕೆಯಲ್ಲಿದೆ; ಅದರಲ್ಲಿ ಕೊಬ್ಬು ತುಂಬಿದರೂ ಸಾವು ಕಡಿಮೆ. ಒಟ್ಟು ಕೊಬ್ಬಿನಾಮ್ಲವನ್ನೂ ಅಲ್ಬುಮಿನ್ ಅನ್ನೂ ಬದಲಿಸದೆ ಪಾಲು ಮಾತ್ರ ಬದಲಿಸುತ್ತಾ ಹೋಗಿ, ಜೊತೆಗೆ ಪಾಲ್ಮಿಟಿಕ್ ಒಂದೇ ಇರುವ ತಟ್ಟೆಯನ್ನೂ ಇಟ್ಟುಕೊಳ್ಳಿ.