ಹಳೇ ಕಾಲದ ಕಾರಿನಲ್ಲಿ ಬೆಂಗಳೂರು ಸುತ್ತೋದು: ಅಪ್ಪ, ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಸಾಗರದವಳು:
ಮುಂದಿನ ತಿಂಗಳು ಅಪ್ಪ, ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪ ಕೆಇಬಿಯಲ್ಲಿದ್ದು ರಿಟೈರ್ ಆದವರು. ಸರ್ವೀಸ್ ಪೂರ್ತಿ ಜೋಗದ ಕಡೆಯೇ ಕಳೆದುಹೋಯ್ತು. ಬೆಂಗಳೂರಿಗೆ ಮದುವೆ, ಆಸ್ಪತ್ರೆ ಅಂತ ಎಷ್ಟೋ ಸಲ ಬಂದಿದ್ದಾರೆ, ಆದರೆ ಊರು ನೋಡಿಯೇ ಇಲ್ಲ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ.

ಹಳೇ ಕಾಲದ ಮಾದರಿಯ ತೆರೆದ ಕಾರಿನಲ್ಲಿ, ಗೈಡ್ ಜೊತೆ ಮೂರು ಗಂಟೆ ಸುತ್ತಿಸುತ್ತಾರಂತೆ. ಕೋಟೆ, ಪೇಟೆ, ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್, ಅರಮನೆ, ಹಲಸೂರು ಎಲ್ಲಾ ಪಟ್ಟಿಯಲ್ಲಿದೆ. ಮೂರು ಗಂಟೆಯಲ್ಲಿ ಇಷ್ಟೆಲ್ಲಾ ಆಗುತ್ತಾ? ಕಾರು ನಿಜವಾಗಲೂ ಹಳೇದೇನಾ? ಬುಕ್ ಮಾಡೋ ಮೊದಲು ಏನೇನು ಕೇಳಬೇಕು?

ಪದ್ಮಿನಿಪ್ರಿಯ:
ಕಾರಿನ ವಿಷಯ ಮಾತ್ರ ಹೇಳ್ತೀನಿ. ನಿಜವಾದ ವಿಂಟೇಜ್ ಆಗಿರಲ್ಲ, ಆಗಿರಬಾರದು ಕೂಡ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್ ಇದೆ, ನಂಬರಿನಲ್ಲಿ ‘ವಿಎ’ ಅಂತ ಬರುತ್ತೆ. ಅಂಥ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಹಾಗಾಗಿ ಪ್ರವಾಸಕ್ಕೆ ಬರೋದು ಹಳೇ ರೂಪ ಕೊಟ್ಟ ಹೊಸ ಗಾಡಿ. ಅದರಲ್ಲಿ ತಪ್ಪೇನಿಲ್ಲ.

ನೀವು ನೋಡಬೇಕಾದ್ದು ನಂಬರ್ ಪ್ಲೇಟ್. ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇರಬೇಕು. ಎಲೆಕ್ಟ್ರಿಕ್ ಆದರೆ ಹಸಿರು ಬೋರ್ಡ್ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡ್ ಗಾಡಿ ಬಂದರೆ ಹತ್ತಬೇಡಿ, ಏನಾದರೂ ಆದರೆ ಇನ್ಶೂರೆನ್ಸ್‌ಗೆ ಒದ್ದಾಡಬೇಕಾಗುತ್ತೆ. ಸೀಟ್ ಬೆಲ್ಟ್ ಇದೆಯಾ, ಹತ್ತೋ ಮೆಟ್ಟಿಲು ಎಷ್ಟು ಎತ್ತರ ಅಂತಲೂ ಕೇಳಿ. ಅಮ್ಮನ ಮಂಡಿಗೆ ಅದೇ ಮುಖ್ಯ.

ಬಳೇಪೇಟೆಯವ:
ಮೇಡಂ, ಆ ಪಟ್ಟಿ ಮೂರು ಗಂಟೆಗೆ ಆಗೋ ಮಾತಲ್ಲ. ಅರಮನೆ, ಹಲಸೂರು ಬಿಡಿ ಅಂತ ಮೊದಲೇ ಹೇಳಿಬಿಡಿ. ಆ ಹೊತ್ತನ್ನ ಕೋಟೆಗೆ ಕೊಡಿ. ನಾನು ಪೇಟೆಯಲ್ಲೇ ಹುಟ್ಟಿ ಬೆಳೆದವನು, ಕೋಟೆ ಅಂದರೆ ನನಗೆ ಜೀವ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನ ಕಲ್ಲಿನಲ್ಲಿ ಕಟ್ಟಿಸಿದ್ದು ಹೈದರಾಲಿ. ಈಗ ಉಳಿದಿರೋದು ದೆಹಲಿ ಬಾಗಿಲು ಮತ್ತೆ ಒಂದಿಷ್ಟು ಗೋಡೆ, ಅಷ್ಟೇ. ಅದಕ್ಕೇ ಕೆಲವರು ಎದುರಿಗೆ ಕಾರು ನಿಲ್ಲಿಸಿ, ಫೋಟೋ ತೆಗೆಸಿ ಹೊರಟುಬಿಡ್ತಾರೆ. ಒಪ್ಪಬೇಡಿ. ಇಳಿದು ಒಳಗೆ ಹೋಗಿ. ಆ ಮರದ ಬಾಗಿಲನ್ನ ಹತ್ತಿರ ನಿಂತು ನೋಡಿ. ಕತ್ತೆತ್ತಿ ನೋಡಬೇಕು, ಅಷ್ಟೆತ್ತರ. ಮೈತುಂಬಾ ಕಬ್ಬಿಣದ ಮುಳ್ಳು ಬೇರೆ. ಒಳಗೆ ಗಣಪತಿ ಗುಡಿ ಇದೆ, ನೆರಳಿದೆ, ಅಮ್ಮ ಅಲ್ಲಿ ಕೂರಬಹುದು. ಹೊರಗೆ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಇಲ್ಲಿಂದಲೇ ಅಂತ ಅದರಲ್ಲಿ ಬರೆದಿದೆ. ಪಕ್ಕದಲ್ಲೇ ದಿನಾ ಸಾವಿರಾರು ಜನ ಹೋಗ್ತಾರೆ, ಯಾರೂ ತಿರುಗಿ ನೋಡಲ್ಲ. ಅದನ್ನ ತಾನಾಗಿ ತೋರಿಸೋ ಗೈಡ್ ಸಿಕ್ಕರೆ ನಿಮ್ಮ ದುಡ್ಡಿಗೆ ಮೋಸ ಇಲ್ಲ.

ನಿಮ್ಮ ಅಪ್ಪನಿಗೆ ಕೆ.ಆರ್. ಮಾರ್ಕೆಟ್ ತೋರಿಸಲೇಬೇಕು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದಿದ್ದು 1905ರ ಆಗಸ್ಟ್‌ನಲ್ಲಿ, ಬೀದಿ ದೀಪ ಹತ್ತಿದ್ದು ಇದೇ ಮಾರ್ಕೆಟ್ ಹತ್ತಿರ. ಜೋಗದಲ್ಲಿ ದುಡಿದವರಿಗೆ ಈ ಜಾಗ ನೋಡಿದರೆ ಖುಷಿ ಆಗಲ್ವಾ?

ಪೇಟೆ ಒಳಗೆ ಮಾತ್ರ ಕಾರು ಹೋಗಲ್ಲ. ಚಿಕ್ಕಪೇಟೆ ಗಲ್ಲಿಗಳಲ್ಲಿ ತಳ್ಳುಗಾಡಿ ದಾಟೋದೇ ಕಷ್ಟ. ಅವೆನ್ಯೂ ರಸ್ತೆ ತುದಿಯಲ್ಲಿ ನಿಂತು ಕೈ ತೋರಿಸ್ತಾರೆ, ಅದನ್ನೇ ‘ಪೇಟೆ’ ಅಂತ ಬರೆದಿರ್ತಾರೆ. ಅಪ್ಪ ನಡೀತಾರೆ ಅಂದರೆ ಇನ್ನೊಂದು ದಿನ ಅವರೊಬ್ಬರನ್ನೇ ಕರ್ಕೊಂಡು ಹೋಗಿ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದಲೇ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು ಅನ್ನೋ ಕಥೆ ಇದೆ.

ತೆರೆದ ಕಾರಿನ ಮಜಾ ಇರೋದು ವಿಧಾನಸೌಧದ ಮುಂದೆ. ಒಂದು ಕಡೆ 1956ರ ವಿಧಾನಸೌಧ, ಎದುರಿಗೆ 1868ರ ಕೆಂಪು ಅಠಾರಾ ಕಚೇರಿ. ಅದನ್ನ ಒಂದು ಕಾಲಕ್ಕೆ ಕೆಡವಲು ಹೊರಟಿದ್ದರು, ಜನ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಇವತ್ತು ಹೈಕೋರ್ಟ್ ಅಲ್ಲೇ ಇದೆ. ಭಾನುವಾರ ಬೆಳಗ್ಗೆ ಬೇಗ ಹೊರಡಿ, ರಸ್ತೆ ಖಾಲಿ ಇರುತ್ತೆ.

ಸಾಗರದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ಕೇಳಿದೆ. ಹಳದಿ ಬೋರ್ಡಂತೆ, ಜಾಗ ಕಡಿಮೆ ಮಾಡೋಕೂ ಒಪ್ಪಿದರು. ದೀಪದ ಕಥೆ ಅಪ್ಪನಿಗೆ ಹೇಳಿದರೆ, ಶಿವನಸಮುದ್ರದ ಬಗ್ಗೆ ಅವರೇ ಅರ್ಧ ಗಂಟೆ ಮಾತಾಡಿದರು! ಭಾನುವಾರ ಅಂದರೆ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಕಾರಲ್ಲೇ ನೋಡಬಹುದಾ?

ಗಾಂಧಿಬಜಾರ್ ಗೀತಾ:
ಇಲ್ಲ ಕಣ್ರೀ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಹೊರಗಿಂದಲೇ ನೋಡಬೇಕು. ಲಾಲ್‌ಬಾಗ್‌ನಲ್ಲಿ ಬ್ಯಾಟರಿ ಗಾಡಿ ಇರುತ್ತೆ, ಅಮ್ಮನ್ನ ಅದರಲ್ಲಿ ಕೂರಿಸಿ ಗಾಜಿನ ಮನೆ ತೋರಿಸಿ. ತಿಂಡಿಗೆ ವಿದ್ಯಾರ್ಥಿ ಭವನ ಹತ್ತಿರವೇ, ಆದರೆ ಭಾನುವಾರ ಕಾಯಬೇಕು. ದಿನ ಬದಲಾಯಿಸಿದರೆ ಶುಕ್ರವಾರ ಬೇಡ, ಅವತ್ತು ಅವರಿಗೆ ರಜಾ.